ಕೋವಿಯ ಮರ ಸೀಳುವುದೇಕೆ?

ಲಂಡನ್ನಿನ ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್, ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಮುಂತಾದವರು ನೂರು ವರ್ಷಗಳ ಹಿಂದೆ ಮಾಡಿದ ಜೋಡುನಳಿಗೆ ಕೋವಿಗಳನ್ನು ನೋಡಿದರೆ, ಉಕ್ಕಿನ ಭಾಗಗಳು ಬಹುಮಟ್ಟಿಗೆ ಇವತ್ತಿಗೂ ಗಟ್ಟಿಯಾಗಿವೆ. ಸೋತಿರುವುದು ಮರ. ಕೈ ಬಿಗಿಯಾಗಿ ಹಿಡಿಯುವ ಸಣಕಲು ಜಾಗದ ಮೇಲ್ಭಾಗದಲ್ಲಿ, ಉಕ್ಕಿನ ಬಾಲವೊಂದು ಮರದೊಳಗೆ ಇಳಿದು ಕೊನೆಗೊಳ್ಳುವಲ್ಲಿ, ಕೂದಲೆಳೆಯಂಥ ಗೆರೆ ಕಾಣುತ್ತದೆ. ಗೀರು ಬಿದ್ದಿದೆ ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು. ಅದು ಗೀರಲ್ಲ, ಸೀಳಿನ ತುದಿ.

ಇಂಥ ಕೋವಿಗಳು ದೂರದ ಇಂಗ್ಲೆಂಡಿನ ಮ್ಯೂಸಿಯಂಗಳಲ್ಲಿ ಮಾತ್ರ ಇಲ್ಲ. ಕೊಡಗಿನ ಕೆಲವು ಮನೆಗಳಲ್ಲಿ ತಾತ, ಮುತ್ತಾತಂದಿರ ಕಾಲದ ಇಂಗ್ಲಿಷ್ ತೋಟಾಕೋವಿಗಳು ಈಗಲೂ ಉಳಿದಿವೆ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇರುವುದು ತಿಳಿದ ವಿಷಯವೇ. ಆದ್ದರಿಂದ ಮರ ಏಕೆ ಸೀಳುತ್ತದೆ ಎಂಬುದು ನಮ್ಮ ಪ್ರಶ್ನೆಯೂ ಹೌದು.

ಸೌದೆ ಒಡೆದವರಿಗೆ ಮರದ ಗುಣ ಗೊತ್ತು. ನಾರಿನ ಗುಂಟ ಕೊಡಲಿ ಬಿದ್ದರೆ ಒಂದೇ ಏಟಿಗೆ ಎರಡು ಹೋಳು. ನಾರಿಗೆ ಅಡ್ಡಲಾಗಿ ಕಡಿಯಹೊರಟರೆ ಬೆವರು ಸುರಿಸಬೇಕು. ಮರವೆಂದರೆ ಸೆಲ್ಯುಲೋಸಿನ ಉದ್ದುದ್ದ ಕೊಳವೆಗಳ ಕಟ್ಟು, ನಡುವೆ ಅಂಟಿನಂತೆ ಲಿಗ್ನಿನ್. ಕೊಳವೆಗಳನ್ನು ಉದ್ದಕ್ಕೆ ಎಳೆದು ತುಂಡರಿಸಲು ಬೇಕಾದ ಬಲ, ಅವನ್ನು ಒಂದರಿಂದೊಂದು ಬಿಡಿಸಲು ಬೇಕಾದ ಬಲದ ಇಪ್ಪತ್ತು ಪಟ್ಟಿಗೂ ಮಿಕ್ಕಿದ್ದು. ಕೋವಿಯ ಹಿಡಿಗೆ ಅಕ್ರೋಟು ಮರವನ್ನೇ ಆರಿಸಿದ್ದು ಅದು ಹಗುರವೂ ಜಿಗುಟೂ ಆಗಿದ್ದು, ಸಣ್ಣ ಕೆತ್ತನೆಯನ್ನೂ ಚೂರಾಗದೆ ತಾಳಿಕೊಳ್ಳುತ್ತದೆ ಎಂಬ ಕಾರಣಕ್ಕೆ. ಫ್ರಾನ್ಸ್, ಕಾಕಸಸ್ ಪ್ರದೇಶಗಳ ಈ ಮರವೂ ಕಾಶ್ಮೀರದ ಅಕ್ರೋಟೂ ಒಂದೇ ಜಾತಿ. ಅನುಭವಿ ಕುಶಲಕರ್ಮಿ ಹಲಗೆಯನ್ನು ಆರಿಸುವಾಗ ಕೈಹಿಡಿಯ ಜಾಗದಲ್ಲಿ ನಾರು ನೇರವಾಗಿರುವಂತೆ, ಸುಳಿಸುಳಿಯಾದ ಚೆಂದದ ಚಿತ್ತಾರ ಹಿಂಬದಿಯ ಅಗಲ ಭಾಗಕ್ಕೆ ಬರುವಂತೆ ನೋಡುತ್ತಿದ್ದ. ಚಿತ್ತಾರದ ಆಸೆಗೆ ಬಿದ್ದು ಈ ನಿಯಮ ಮೀರಿದ ಕೋವಿಗಳು ಕೈಹಿಡಿಯಲ್ಲೇ ಮುರಿಯುತ್ತವೆ.

ಈಡು ಹಾರಿದಾಗ ಏನಾಗುತ್ತದೆ? ಸುಮಾರು 30 ಗ್ರಾಂ ಸೀಸದ ಚರೆ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಮುಂದಕ್ಕೆ ಹೊರಡುತ್ತದೆ. ಮೂರು ಕಿಲೋದ ಕೋವಿ ಅದಕ್ಕಿಂತ ನೂರು ಪಟ್ಟು ಭಾರ. ಹಾಗಾಗಿ ಸೆಕೆಂಡಿಗೆ ನಾಲ್ಕು ಮೀಟರಿಗೂ ತುಸು ಹೆಚ್ಚಿನ ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ. ಒದೆತ ಹುಟ್ಟುವುದು ಉಕ್ಕಿನಲ್ಲಿ, ಅದನ್ನು ಭುಜಕ್ಕೆ ಮುಟ್ಟಿಸುವುದು ಮರ. ಉಕ್ಕಿನ ಅಗಲವಾದ ಬೆನ್ನು ಮರದ ಮುಖಕ್ಕೆ ಎಲ್ಲೆಡೆಯೂ ಸಮನಾಗಿ ಒತ್ತಿಕೊಂಡಿದ್ದರೆ ಮರ ಸಾವಿರಾರು ಈಡುಗಳನ್ನು ಸಹಿಸುತ್ತದೆ. ಆ ಒತ್ತು ಸಡಿಲಗೊಂಡರೆ ಉಕ್ಕು ಕೂದಲಷ್ಟು ಹಿಂದೆ ಸರಿಯುತ್ತದೆ. ಆಗ ಭಾರವೆಲ್ಲ ಬಾಲದ ತುದಿಗೆ ಬಂದು, ಬಾಲ ಸೌದೆಗೆ ಹೊಡೆದ ಬೆಣೆಯಂತೆ ನಾರನ್ನು ಬಿಡಿಸುತ್ತದೆ.

ಒತ್ತು ಸಡಿಲಾಗಲು ಮುಖ್ಯ ಕಾರಣ ಎಣ್ಣೆ. ತುಕ್ಕು ಹಿಡಿಯದಿರಲಿ ಎಂದು ನಳಿಗೆಗೂ ಕೀಲುಗಳಿಗೂ ಧಾರಾಳವಾಗಿ ಎಣ್ಣೆ ಬಿಟ್ಟು, ಕೋವಿಯನ್ನು ನಳಿಗೆ ಮೇಲಾಗಿ ಮೂಲೆಗೆ ನಿಲ್ಲಿಸುವುದು ಎಲ್ಲೆಡೆಯ ರೂಢಿ. ಎಣ್ಣೆ ತೊಟ್ಟುತೊಟ್ಟಾಗಿ ಕೆಳಗಿಳಿದು ಉಕ್ಕು ಮರ ಸೇರುವ ಕಡೆ ನಿಲ್ಲುತ್ತದೆ. ಅಲ್ಲಿ ಮರದ ಕೊಳವೆಗಳ ಕತ್ತರಿಸಿದ ಬಾಯಿಗಳು ತೆರೆದಿರುತ್ತವೆ. ದೀಪದ ಬತ್ತಿ ಎಣ್ಣೆ ಹೀರಿದಂತೆ ಅವೂ ಹೀರುತ್ತವೆ. ಈ ಖನಿಜ ತೈಲ ಒಣಗುವುದಿಲ್ಲ. ವರ್ಷಗಳು ಕಳೆದಂತೆ ಮರ ಕಪ್ಪಾಗಿ, ಮೆತ್ತಗಾಗಿ, ಒತ್ತಡ ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಕೋವಿಯನ್ನು ತುಂಬ ಪ್ರೀತಿಯಿಂದ ನೋಡಿಕೊಂಡ ಮನೆಯಲ್ಲೇ ಮರ ಹೆಚ್ಚು ಹಾಳಾಗಿರುವುದು ಹೀಗೆ. ನನಗೆ ಇದು ನಿಜಕ್ಕೂ ನೋವಿನ ಸಂಗತಿ.

ಜೊತೆಗೆ ಹವೆ. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಾರಿನ ಉದ್ದಕ್ಕೆ ಈ ಏರಿಳಿತ ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಅಡ್ಡಕ್ಕೆ ಮಾತ್ರ ಹತ್ತಾರು ಪಟ್ಟು ಹೆಚ್ಚು. ಉಕ್ಕು ಹಾಗೆ ಉಬ್ಬಿ ಕುಗ್ಗುವುದಿಲ್ಲವಾದ್ದರಿಂದ ಅದನ್ನು ಮರಕ್ಕೆ ಬಿಗಿದ ತಿರುಪುಗಳು ಸಡಿಲವಾಗುತ್ತವೆ.

ಇಷ್ಟು ತಿಳಿದ ಮೇಲೆ ದುರಸ್ತಿಯ ಕ್ರಮ ತಾನಾಗಿ ಹೊಳೆಯುತ್ತದೆ. ಬಿರುಕಿಗೆ ಅಂಟು ತುಂಬುವ ಮುನ್ನ ಬಿರುಕಿನ ಕಾರಣವನ್ನು ಹುಡುಕಬೇಕು. ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿದರೆ ಸುತ್ತಲಿನ ಮರ ಬೇಗ ಆರುತ್ತದೆ, ಸೀಳಿನ ಗೆರೆ ಮಾತ್ರ ಒದ್ದೆಯಾಗಿಯೇ ಉಳಿದು ತನ್ನ ಪೂರ್ತಿ ಉದ್ದವನ್ನು ತೋರಿಸಿಕೊಡುತ್ತದೆ. ನಂತರ ಎಣ್ಣೆ ತೆಗೆಯುವ ಕೆಲಸ. ಕ್ಯಾಲ್ಸಿಯಂ ಕಾರ್ಬೊನೇಟಿನ ನುಣ್ಣನೆಯ ಬಿಳಿ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಮರಕ್ಕೆ ಮೆತ್ತುತ್ತಾರೆ. ಅಸಿಟೋನು ಎಣ್ಣೆಯನ್ನು ಕರಗಿಸುತ್ತದೆ, ಪುಡಿಯ ಸಂದುಗಳು ಅದನ್ನು ಹೊರಕ್ಕೆ ಎಳೆದುಕೊಳ್ಳುತ್ತವೆ. ಒಣಗಿ ಕಂದಾದ ಲೇಪವನ್ನು ಕೆರೆದು ಮತ್ತೆ ಹೊಸದು. ಲೇಪ ಬಿಳಿಯಾಗಿಯೇ ಉಳಿಯುವವರೆಗೆ ಇದು ನಡೆಯಬೇಕು. ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಅವಸರಪಟ್ಟರೆ ಮುಂದಿನ ಕೆಲಸವೆಲ್ಲ ವ್ಯರ್ಥ. ಜಿಡ್ಡಿನ ಮೇಲೆ ಯಾವ ಅಂಟೂ ಕೂರುವುದಿಲ್ಲ.

ಅಂಟಿನ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ಪ್ರಾಣಿಗಳ ಚರ್ಮ ಬೇಯಿಸಿ ತೆಗೆದ ಹಳೆಯ ಕಾಲದ ಅಂಟನ್ನು ಬಿಸಿ, ತೇವ ಕೊಟ್ಟು ಮತ್ತೆ ಬಿಡಿಸಬಹುದು. ಮ್ಯೂಸಿಯಂನವರು ಅದನ್ನು ಮೆಚ್ಚುವುದು ಇದಕ್ಕೇ: ಮುಂದೆ ಬರುವ ಕೆಲಸಗಾರ ನಮ್ಮ ತಪ್ಪನ್ನು ತಿದ್ದಬಹುದು. ಎಪಾಕ್ಸಿ ಅದಕ್ಕಿಂತ ಗಟ್ಟಿ, ಖಾಲಿ ಜಾಗವನ್ನೂ ತುಂಬುತ್ತದೆ, ಆದರೆ ಬಿಡಿಸಲು ಬಾರದು. ನನ್ನ ತೀರ್ಮಾನ ಇಷ್ಟು: ಗೋಡೆಯ ಮೇಲೆ ಇರುವ ಕೋವಿಗೆ ಚರ್ಮದ ಅಂಟು ಸಾಕು, ಈಡು ಹಾರಿಸುವ, ಮಲೆನಾಡಿನ ತೇವದಲ್ಲಿ ಇರುವ ಕೋವಿಗೆ ಎಪಾಕ್ಸಿಯೇ ಬೇಕು. ಅದನ್ನು ಸ್ವಲ್ಪ ಬೆಚ್ಚಗೆ ಮಾಡಿ ತೆಳುವಾಗಿಸಿ, ಸೀಳಿನ ತುದಿಯವರೆಗೂ ಇಳಿಸಿ, ರಬ್ಬರ್ ಪಟ್ಟಿಯಿಂದ ಸುತ್ತಿ ಬಿಗಿಯುತ್ತಾರೆ. ದೊಡ್ಡ ಸೀಳಾದರೆ ಉಕ್ಕಿನ ಮರೆಯಲ್ಲಿ, ಹೊರಗೆ ಕಾಣದಂತೆ ತಿರುಪಿನ ಗೆರೆಗಳಿರುವ ಸಣ್ಣ ಹಿತ್ತಾಳೆ ಕಡ್ಡಿಯನ್ನು ಸೀಳಿಗೆ ಅಡ್ಡವಾಗಿ ಕೂರಿಸುತ್ತಾರೆ. ಅಂಗಡಿಯಲ್ಲಿ ಸಿಗುವ ದಿಢೀರ್ ಅಂಟಿನ ಟ್ಯೂಬನ್ನು ಮಾತ್ರ ಮನೆಯಲ್ಲಿ ಹಿಂಡಬೇಡಿ. ಅದು ಜಿಡ್ಡಿನ ಮೇಲೆಯೇ ಗಟ್ಟಿಯಾಗಿ, ಸರಿಯಾದ ಅಂಟು ಒಳಗಿಳಿಯುವ ದಾರಿಯನ್ನು ಮುಚ್ಚಿಬಿಡುತ್ತದೆ.

ಆಮೇಲೆ ಉಕ್ಕಿನ ಬೆನ್ನು ಮರಕ್ಕೆ ಮತ್ತೆ ಸಮನಾಗಿ ಒತ್ತುವಂತೆ ಕೂರಿಸಿ, ಬಾಲದ ತುದಿಯ ಹಿಂದೆ ಕಾಗದದಷ್ಟು ಸಂದು ಬಿಡಬೇಕು. ಬೆಣೆಗೆ ತಾಗಲು ಮರವೇ ಸಿಗದಿದ್ದರೆ ಸೀಳು ಮರಳಿ ಬಾರದು.

ಹೊರಮೈಯನ್ನು ಮರಳು ಕಾಗದದಿಂದ ಉಜ್ಜಲೇಬಾರದು. ಉಜ್ಜಿದರೆ ಕೈಹಿಡಿಯ ಚೌಕುಳಿ ಕೆತ್ತನೆ ಸವೆದು, ನೂರು ವರ್ಷದ ಹೊಳಪು ಒಂದು ಗಂಟೆಯಲ್ಲಿ ಹೋಗುತ್ತದೆ. ಅಗಸೆ ಎಣ್ಣೆಯನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು, ತೆಳುವಾಗಿ, ದಿನಕ್ಕೊಂದು ಕೈಯಂತೆ ತಿಕ್ಕಿದರೆ ಸಾಕು. ಖನಿಜ ತೈಲದಂತಲ್ಲದೆ ಇದು ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪದರವಾಗುತ್ತದೆ. ಆ ಕ್ರಿಯೆಯಲ್ಲಿ ಶಾಖ ಹುಟ್ಟುವುದರಿಂದ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಿ. ಇಂಗ್ಲಿಷ್ ಕುಶಲಕರ್ಮಿಗಳು ಕೆಂಪು ಛಾಯೆಗಾಗಿ ಈ ಎಣ್ಣೆಯಲ್ಲಿ ನೆನೆಹಾಕುತ್ತಿದ್ದದ್ದು ಆಲ್ಕನೆಟ್ ಬೇರು. ಕಾಶ್ಮೀರಿ ಅಡುಗೆಗೆ ಬಣ್ಣ ಕೊಡುವ ರತನ್‌ಜೋತ್ ಕೂಡ ಅದೇ ಬಗೆಯದು.

ಕೊಡವರು ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬ ಬರುವುದು ಸೆಪ್ಟೆಂಬರಿನಲ್ಲಿ, ಮಳೆಯ ತೇವವನ್ನೆಲ್ಲ ಮರ ಹೀರಿಕೊಂಡ ಹೊತ್ತಿನಲ್ಲಿ. ಪೂಜೆಗೆಂದು ಕೋವಿ ಹೊರಬಂದ ದಿನ, ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು, ಉಕ್ಕಿನ ಬಾಲದ ಹಿಂದಿನ ಮರವನ್ನು ಬೆಳಕಿಗೆ ಹಿಡಿದು ನೋಡಿ. ಗೆರೆ ಕಂಡರೆ ಈಡು ಹಾರಿಸದೆ ಲೈಸೆನ್ಸ್ ಇರುವ ಕೋವಿ ಕೆಲಸಗಾರರಲ್ಲಿಗೆ ಒಯ್ಯಿರಿ. ಗೆರೆ ಇಲ್ಲದಿದ್ದರೂ, ಎಣ್ಣೆ ಹಚ್ಚಿದ ರಾತ್ರಿ ಕೋವಿಯನ್ನು ಬಟ್ಟೆಯ ಮೇಲೆ ನಳಿಗೆ ಕೆಳಗಾಗಿ ನಿಲ್ಲಿಸಿ.