ಕೂಸಿನ ಗಾಯ ಏನು ಹೇಳುತ್ತದೆ?



ಎರಡು ತಿಂಗಳ ಕೂಸನ್ನು ರಾತ್ರಿ ದವಾಖಾನೆಗೆ ತಂದಿದ್ದಾರೆ ಅನ್ನಿ. ಕೂಸಿನ ತೋಳು ಮುರಿದಿದೆ.

"ಏನಾತವ್ವಾ?" ಅಂತ ಡಾಕ್ಟರು ಕೇಳುತ್ತಾರೆ.

"ತಾನೇ ಹೊಳ್ಳಿ ಹೊರಸಿನ ಮ್ಯಾಲಿಂದ ಬಿತ್ರಿ."

"ಯಾವಾಗ?"

"ಮೊನ್ನೆ ರೀ."

ಡಾಕ್ಟರು ಮತ್ತೆ ಮತ್ತೆ ಕೇಳುತ್ತಾರೆ. ಯಾಕೆ? ಎರಡು ತಿಂಗಳ ಕೂಸು ಸಾಮಾನ್ಯವಾಗಿ ತಾನಾಗಿ ಹೊರಳುವುದಿಲ್ಲ. ಮಕ್ಕಳನ್ನು ಸಾಕಿದ ನಮಗೂ ಇದು ಗೊತ್ತು.

2012ರ ಏಪ್ರಿಲ್‌ನಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ ಮೂರು ತಿಂಗಳ ಹೆಣ್ಣು ಕೂಸು ಬಂತು. ತಲೆಗೆ ಪೆಟ್ಟಾಗಿತ್ತು. ಮೈಮೇಲೆ ಕಚ್ಚಿದ ಗುರುತು ಇದ್ದವು. ಹೆಣ್ಣು ಹುಟ್ಟಿತೆಂದು ತಂದೆಯೇ ಹೊಡೆದನೆಂದು ತಾಯಿ ಹೇಳಿದಳು. ಪೊಲೀಸರು ತಂದೆಯನ್ನು ಹಿಡಿದರು. ಕೂಸು ಉಳಿಯಲಿಲ್ಲ. ಏಪ್ರಿಲ್ 11ರಂದು ತೀರಿಕೊಂಡಿತು.

ಸಣ್ಣ ಗಾಯ ಆದಾಗಲೇ ಗುರುತಿಸಿದರೆ ಇಂಥ ಜೀವ ಉಳಿದೀತು. ಗುರುತಿಸುವುದು ಹೇಗೆ?

1. ಇನ್ನೂ ಅಂಬೆಗಾಲಿಡದ ಕೂಸಿನ ಮೈಮೇಲೆ ನೀಲಿಗಟ್ಟಿದ ಗುರುತು.

2. ಕಿವಿ, ಕುತ್ತಿಗೆ, ಹೊಟ್ಟೆಯ ಮೇಲೆ ಪೆಟ್ಟು. ಆಡುವ ಮಕ್ಕಳು ಬಿದ್ದರೆ ಹೆಚ್ಚಾಗಿ ಮೊಣಕಾಲು, ಹಣೆಗೆ ಪೆಟ್ಟಾಗುತ್ತದೆ.

3. ಬೀಡಿಯಿಂದ ಸುಟ್ಟ ದುಂಡನೆ ಗುರುತು, ಹಗ್ಗದ ಬಾಸುಂಡೆ.

4. ಹೇಳುವ ಮಾತಿಗೂ ಗಾಯಕ್ಕೂ ತಾಳೆ ಇಲ್ಲ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

5. ಉಚ್ಚೆ ಹೊಯ್ಯುವ ಜಾಗದಲ್ಲಿ ಗಾಯ, ರಕ್ತ. ಯಾರನ್ನೋ ಕಂಡರೆ ಮಗು ನಡುಗುತ್ತದೆ.

ಆದರೆ ಅವಸರ ಬೇಡ. ನಮ್ಮ ಎಷ್ಟೋ ಕೂಸುಗಳಿಗೆ ಹುಟ್ಟುವಾಗಲೇ ಸೊಂಟದ ಹತ್ತಿರ ನೀಲಿ ಮಚ್ಚೆ ಇರುತ್ತದೆ. ಅದು ಪೆಟ್ಟಲ್ಲ. ಬಸ್ಸಿಲ್ಲದೆ, ರೊಕ್ಕವಿಲ್ಲದೆ ತಡವಾಗಿ ಬರುವವರೂ ಇದ್ದಾರೆ. ಒಂದೇ ಗುರುತು ನೋಡಿ ಯಾರನ್ನೂ ಕಳ್ಳರೆನ್ನಬಾರದು. ಡಾಕ್ಟರಿಗೆ ತೋರಿಸಬೇಕು.

ಡಾಕ್ಟರು ಕೇಳಿದಾಗ ಇದ್ದದ್ದು ಇದ್ದಹಾಂಗ ಹೇಳೋಣ. ಒಳಗಿನ ಪೆಟ್ಟು ಹೊರಗೆ ಕಾಣುವುದಿಲ್ಲ. ಸುಳ್ಳು ಹೇಳಿದರೆ ಚಿಕಿತ್ಸೆ ತಪ್ಪೀತು. ಹೊಡೆದವರು ಪಕ್ಕದಲ್ಲೇ ನಿಂತಿದ್ದರೆ ಬಾಯಿ ಬರುವುದಿಲ್ಲ, ನಿಜ. ಆಗ "ಅಕ್ಕಾರ, ನಿಮ್ಮ ಕೂಡ ಒಬ್ಬಾಕಿನ ಮಾತಾಡಬೇಕ್ರಿ" ಅಂತ ನರ್ಸಮ್ಮನಿಗೆ ಹೇಳಬಹುದು.

ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ತಡೆಯಲು 2012ರಲ್ಲಿ ಪೋಕ್ಸೊ ಕಾಯ್ದೆ ಬಂತು. ಇಂಥದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಪೊಲೀಸ್ ಕಾಗದ ತರುವ ತನಕ ಚಿಕಿತ್ಸೆ ಇಲ್ಲ ಎಂದು ಆಸ್ಪತ್ರೆ ಹೇಳುವಂತಿಲ್ಲ. ಮಗುವಿನ ಹೆಸರನ್ನು ಪತ್ರಿಕೆಯಲ್ಲಿ ಹಾಕುವಂತಿಲ್ಲ.

ಮಕ್ಕಳ ಸಹಾಯವಾಣಿ 1098. ಹಗಲೂ ರಾತ್ರಿ ಫೋನ್ ಮಾಡಬಹುದು. ದುಡ್ಡು ಬೇಡ.

"ಮನಿ ಮಾನ ಹೋದೀತು" ಅಂತ ಸುಮ್ಮನಿರುವುದು ಬೇಡ. ಹೋದ ಕೂಸು ಮತ್ತೆ ಬರುವುದಿಲ್ಲ. 1098 ಎಂಬ ಅಂಕಿಯನ್ನು ಇಂದೇ ಬರೆದು ಕಲಿಯೋಣ. ನೆರೆಮನೆಯವರಿಗೂ ಕಲಿಸೋಣ.