ಗ್ರಿಲ್‌ಗೊಂದು ಹೊಸ ಕೆಲಸ

ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆ, ಗುರುವಾಯನಕೆರೆ, ಉಜಿರೆ ದಾಟಿ ಧರ್ಮಸ್ಥಳಕ್ಕೆ ಹೋದವರು ದೇವರ ದರ್ಶನ, ಊಟ ಮುಗಿಸಿ ಕಾರ್ ಮ್ಯೂಸಿಯಮ್ಮಿನಲ್ಲೂ ಒಂದು ಸುತ್ತು ಹಾಕುವುದುಂಟು. ಕ್ಷೇತ್ರದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಕೂಡಿಬಂದ ಹಳೆಯ ಕಾರುಗಳು ಅಲ್ಲಿ ನಿಂತಿವೆ. ಹೆಚ್ಚಿನವರು ಕಾರಿನ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮುಂದಿನ ಸಲ ಹೋದಾಗ ಎದುರಿಗೆ ನಿಂತು, ತುಸು ಬಗ್ಗಿ, ಕಾರಿನ ಮುಖವನ್ನೇ ನೋಡಿ. ಐಷಾರಾಮಿ ಸೆಡಾನ್ ವಿನ್ಯಾಸದ ಇಂದಿನ ದೊಡ್ಡ ಪ್ರಶ್ನೆ ಇರುವುದು ಅಲ್ಲೇ.

ತೀರಾ ಹಳೆಯ ಕಾರುಗಳಲ್ಲಿ ಮುಖವೆಂದರೆ ರೇಡಿಯೇಟರೇ. ಎಂಜಿನ್ನಿನ ಬಿಸಿಯನ್ನು ಹೊತ್ತು ಬಂದ ನೀರು ಅಲ್ಲಿ ಗಾಳಿಗೆ ಒಡ್ಡಿಕೊಂಡು ತಣಿಯುತ್ತದೆ. ವಿಲ್ಹೆಲ್ಮ್ ಮೈಬಾಕ್ ರೂಪಿಸಿದ 1901ರ ಮರ್ಸಿಡಿಸ್ 35 ಎಚ್‌ಪಿ ಕಾರಿನ ರೇಡಿಯೇಟರಿನಲ್ಲಿ 8,070 ಸಣ್ಣ ಕೊಳವೆಗಳಿದ್ದವು. ಒಂದೊಂದೂ 6 ಮಿಲಿಮೀಟರ್ ಅಗಲದ ಚೌಕ. ನೋಡಿದರೆ ಜೇನುಹುಟ್ಟು. ಕೊಳವೆಗಳ ಒಳಗೆ ಗಾಳಿ ನುಗ್ಗಿದರೆ, ಅವುಗಳ ನಡುವಿನ ಸಂದಿಯಲ್ಲಿ ನೀರು ಹರಿಯುತ್ತಿತ್ತು. ಹೆಚ್ಚು ಮೈ ಗಾಳಿಗೆ ಸಿಕ್ಕಷ್ಟೂ ಬಿಸಿ ಬೇಗ ಆರುತ್ತದೆ. ಅಗಲ ತಟ್ಟೆಗೆ ಸುರಿದ ಗಂಜಿ ಬೇಗ ತಣಿಯುವುದಕ್ಕೂ ಇದೇ ಕಾರಣ.

ರೇಡಿಯೇಟರಿನ ನೆತ್ತಿಯಲ್ಲಿರುವುದು ನೀರು ಹೊಯ್ಯುವ ಬಾಯಿ. ಅದರ ಮುಚ್ಚಳದ ಮೇಲೆ ಉಷ್ಣತೆ ತೋರಿಸುವ ಮಾಪಕ ಕೂರಿಸುವ ರೂಢಿಯೂ ಇತ್ತು. ಅದೇ ಜಾಗದಲ್ಲಿ ಮುಂದೆ ಹಕ್ಕಿ, ದೇವತೆ, ನಕ್ಷತ್ರಗಳು ಬಂದು ನಿಂತವು. ಹೀಗೆ ನೀರು ತಣಿಸುವ ಪೆಟ್ಟಿಗೆ ಮನೆತನದ ಗುರುತಾಯಿತು. ರೇಡಿಯೇಟರ್ ಒಳಗೆ ಸರಿದ ಮೇಲೂ ಅದರ ಮುಂದಿನ ಗ್ರಿಲ್ ಆ ಗುರುತನ್ನು ಕಾಪಾಡಿತು. ಬಿಎಂಡಬ್ಲ್ಯುವಿನ ಜೋಡಿ ಮೂತ್ರಪಿಂಡದಂಥ ಗ್ರಿಲ್ 1933ರ 303 ಮಾದರಿಯಿಂದ ಬಂದದ್ದು. ರೋಲ್ಸ್ ರಾಯ್ಸ್‌ನ ಗ್ರಿಲ್ ಗ್ರೀಕ್ ದೇಗುಲದ ಮುಂಭಾಗದಂತಿದೆ. ಉದ್ದದ ನೇರ ಗೆರೆ ನಡುವೆ ಒಳಬಾಗಿದಂತೆ ಕಣ್ಣಿಗೆ ತೋರುವುದರಿಂದ ಗ್ರೀಕ್ ಶಿಲ್ಪಿಗಳು ಕಂಬವನ್ನು ನಡುವೆ ಕೂದಲೆಳೆಯಷ್ಟು ಉಬ್ಬಿಸುತ್ತಿದ್ದರು. ಆ ಜಾಣ್ಮೆಯೇ ಈ ಗ್ರಿಲ್‌ಗೂ ಇಳಿದು ಬಂದಿದೆ.

ವಿದ್ಯುತ್ ಕಾರು ಬಂದಾಗ ಈ ಮುಖದ ಬುಡವೇ ಅಲುಗಿತು. ಪೆಟ್ರೋಲ್ ಎಂಜಿನ್ ಇಂಧನದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಿಸಿಯಾಗಿ ಚೆಲ್ಲುತ್ತದೆ. ವಿದ್ಯುತ್ ಮೋಟಾರ್ ಚೆಲ್ಲುವುದು ತೀರಾ ಕಡಿಮೆ. ಹಾಗಾಗಿ ಅಷ್ಟು ದೊಡ್ಡ ಬಾಯಿ ಬೇಕಿಲ್ಲ. ಇದ್ದರೆ ನಷ್ಟವೇ ಹೆಚ್ಚು, ಏಕೆಂದರೆ ಒಳಗೆ ನುಗ್ಗಿದ ಗಾಳಿ ಸುಳಿಗಟ್ಟಿ ಕಾರನ್ನು ಹಿಂದಕ್ಕೆಳೆಯುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದನ್ನು ಗೆಲ್ಲಲು ಪ್ರತಿ ಕ್ಷಣ ಬೇಕಾದ ಶಕ್ತಿ ಎಂಟು ಪಟ್ಟು. ಒಮ್ಮೆ ಚಾರ್ಜ್ ಮಾಡಿ ದೂರ ಹೋಗಬೇಕಾದ ಕಾರಿಗೆ ಇದು ಅಳಿವು ಉಳಿವಿನ ಲೆಕ್ಕ.

2021ರಲ್ಲಿ ಮರ್ಸಿಡಿಸ್ ತಂದ ಇಕ್ಯೂಎಸ್ ಈ ಲೆಕ್ಕವನ್ನೇ ನಂಬಿ ಹುಟ್ಟಿದ್ದು. ಬಾನೆಟ್‌ನಿಂದ ಡಿಕ್ಕಿಯವರೆಗೆ ಒಂದೇ ಬಿಲ್ಲಿನ ಬಾಗು. ಗಾಳಿತಡೆಯ ಗುಣಾಂಕ 0.20. ಪುಣೆ ಬಳಿಯ ಚಾಕಣದಲ್ಲಿ ಜೋಡಿಸಿದ ಈ ಕಾರಿಗೆ ಭಾರತದ ಪರೀಕ್ಷೆಯಲ್ಲಿ ಸಿಕ್ಕ ದೂರ 857 ಕಿಲೋಮೀಟರ್. ವಿಜ್ಞಾನದ ಮಾತಿನಲ್ಲಿ ಇದು ಅಪ್ಪಟ ಗೆಲುವು. ಆದರೂ 2024ರ ಪರಿಷ್ಕೃತ ಮಾದರಿಯ ಮುಖಕ್ಕೆ ಕ್ರೋಮ್ ಪಟ್ಟಿಗಳು ಬಂದವು, ಬಾನೆಟ್ ಮೇಲೆ ಎದ್ದು ನಿಲ್ಲುವ ನಕ್ಷತ್ರ ಮರಳಿತು. ಗಾಳಿ ಒಪ್ಪಿದ ರೂಪವನ್ನು ಮನುಷ್ಯರ ಕಣ್ಣೂ ಒಪ್ಪಬೇಕಲ್ಲ.

ಹಾಗೆಂದು ಹಳೆಯದನ್ನೇ ಅಪ್ಪಿಕೊಂಡು ಕೂತರೂ ಆಗದು. ನಮ್ಮೂರುಗಳ ಮದುವೆ ದಿಬ್ಬಣಕ್ಕೆ, ಬಾಡಿಗೆಗೆ ಓಡಿದ ಅಂಬಾಸಿಡರ್ 1958ರಿಂದ 2014ರವರೆಗೆ ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಬಂತು. ಅದರ ಮೇಲಿನ ಪ್ರೀತಿ ಇಂದಿಗೂ ಆರಿಲ್ಲ. ಕಾರ್ಖಾನೆಯನ್ನು ಉಳಿಸಿಕೊಳ್ಳಲು ಮಾತ್ರ ಆ ಪ್ರೀತಿ ಸಾಲಲಿಲ್ಲ.

ನಡುವಿನ ದಾರಿ ಇದೆ. ಇಕ್ಯೂಎಸ್‌ನ ಮುಖದ ಕಪ್ಪು ಫಲಕವನ್ನು ಬರಿಯ ಅಲಂಕಾರವೆಂದುಕೊಳ್ಳಬೇಡಿ. ದಾರಿ ನೋಡುವ ರೇಡಾರ್‌ನಂಥ ಸಂವೇದಕಗಳು ಅದರ ಮರೆಯಲ್ಲಿವೆ. ಉಸಿರಾಡುತ್ತಿದ್ದ ಬಾಯಿ ಈಗ ನೋಡುವ ಕಣ್ಣಾಗಿದೆ. ರೋಲ್ಸ್ ರಾಯ್ಸ್ ತನ್ನ ವಿದ್ಯುತ್ ಕಾರು ಸ್ಪೆಕ್ಟರ್‌ಗಾಗಿ 1911ರಿಂದ ಮುಂದೆ ನಿಂತಿದ್ದ ದೇವತೆಯನ್ನೇ ಮತ್ತೆ ತಿದ್ದಿತು. 100.01 ಮಿಲಿಮೀಟರ್ ಇದ್ದ ಎತ್ತರ 82.73ಕ್ಕಿಳಿಯಿತು, ಆಕೆ ಒಂದು ಕಾಲು ಮುಂದಿಟ್ಟು, ಗಾಳಿಗೆ ಮೈಯೊಡ್ಡಿ ಬಾಗಿದಳು. ಗುರುತು ಅಳಿಯದೆಯೇ ಗಾಳಿಗೆ ದಾರಿಯಾಯಿತು.

ಇಂಥದೇ ಜಾಣ್ಮೆಯನ್ನು ಕಲ್ಲಿನಲ್ಲೂ ಕಾಣಬೇಕಿದ್ದರೆ, ಧರ್ಮಸ್ಥಳದಿಂದ ವೇಣೂರಿನ ಮೇಲೆ ಹಿಂದಿರುಗುವವರು ಮೂಡುಬಿದಿರೆಯಲ್ಲಿ ಇಳಿದು ಸಾವಿರ ಕಂಬದ ಬಸದಿ ನೋಡಲಿ. 1430ರಲ್ಲಿ ಕಟ್ಟಿದ್ದು. ಕೆಳಗೆ ಒಂದರಂತೆ ಇನ್ನೊಂದಿಲ್ಲ ಎನಿಸುವ ಕೆತ್ತನೆಯ ಕಲ್ಲುಕಂಬಗಳು. ತಲೆಯೆತ್ತಿದರೆ ತುಳುನಾಡಿನ ಮನೆಗಳಿಗಿರುವಂಥದೇ ಇಳಿಜಾರು ಮಾಡು. ಕಲ್ಲಿನ ಕೆಲಸಕ್ಕೆ ಕೈಹಾಕಿದ ಶಿಲ್ಪಿಗಳು ಮರದ ಮನೆಯ ರೂಪವನ್ನು ಕೈಬಿಡಲಿಲ್ಲ, ಏಕೆಂದರೆ ಆಟಿ ತಿಂಗಳ ಮಳೆ ಕಲ್ಲಿಗೂ ಮರಕ್ಕೂ ಒಂದೇ ತೆರನಾಗಿ ಸುರಿಯುತ್ತದೆ.

ವಿನ್ಯಾಸಕಾರರಲ್ಲಿ ನಾನು ಕೇಳುವುದೂ ಇಷ್ಟೇ. ಅಜ್ಜನ ಕಾಲದ ಗೆರೆಯೊಂದನ್ನು ಉಳಿಸುವ ಮೊದಲು ಅದು ಯಾವ ಕೆಲಸಕ್ಕೆ ಹುಟ್ಟಿತೆಂದು ತಿಳಿಯಿರಿ. ಆ ಕೆಲಸ ಮುಗಿದಿದ್ದರೆ ಇನ್ನೊಂದನ್ನು ಒಪ್ಪಿಸಿ. ಬಸದಿಯ ಮಾಡು ಸುಮಾರು ಆರು ಶತಮಾನದಿಂದ ಚೆಲುವಾಗಿ ನಿಂತಿದೆ. ಇಂದಿಗೂ ಅದು ಮಳೆನೀರನ್ನು ಇಳಿಸುತ್ತಲೇ ಇದೆ.