ಸುಂಕದಲ್ಲಿ ಮರಳಿ ಬರುವುದೆಷ್ಟು, ಮುಳುಗುವುದೆಷ್ಟು

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಶಾಸನಗಳಲ್ಲಿ ಬರುವ ‘ಹೆಜ್ಜುಂಕ’ ಎಂಬ ಸುಂಕದ ಕಾಲಕ್ಕೆ ಸರಿಯಾಗಿತ್ತೇನೋ. ಈಗ ಸುಂಕದ ಲೆಕ್ಕವನ್ನು ಮೊದಲು ಹಾಕಬೇಕಾದವನು ಸರಕು ತರಿಸುವವನೇ. ಸರಕು ಯಾವುದು, ಬೆಲೆ ಎಷ್ಟು, ಸುಂಕ ಎಷ್ಟು ಎಂದು 2011ರಿಂದ ಅವನೇ ಘೋಷಿಸಬೇಕು, ಇಲಾಖೆ ಪರಿಶೀಲಿಸುತ್ತದೆ.

ಕಾಗದಪತ್ರದ ಕೆಲಸ ಜನ ಹೆದರುವಷ್ಟಿಲ್ಲ. ಐಇಸಿ ಎಂಬ ಆಮದು-ರಫ್ತು ಸಂಖ್ಯೆಗೆ ಆನ್‌ಲೈನ್ ಅರ್ಜಿ, ₹500 ಶುಲ್ಕ. ಸಂಖ್ಯೆ ನಿಮ್ಮ ಪ್ಯಾನೇ. ಸರಕಿನ ವಿವರವಿರುವ ‘ಬಿಲ್ ಆಫ್ ಎಂಟ್ರಿ’ಯನ್ನು ನಿಮ್ಮ ಪರವಾಗಿ ಕಸ್ಟಮ್ಸ್ ಬ್ರೋಕರ್ ಸಲ್ಲಿಸುತ್ತಾರೆ. ಚೆನ್ನೈನಲ್ಲಿ ಇಳಿದ ಕಂಟೇನರ್ ಸೀಲ್ ಒಡೆಯದೆ ರೈಲಿನಲ್ಲಿ ವೈಟ್‌ಫೀಲ್ಡ್ ಡಿಪೋಗೆ ಬಂದು ಅಲ್ಲೇ ತೆರವಾಗಬಹುದು. (ಇಂಥ ಒಳನಾಡು ಕಂಟೇನರ್ ಡಿಪೋ ದೇಶದಲ್ಲಿ ಮೊದಲು ಆದದ್ದು ನಮ್ಮ ಬೆಂಗಳೂರಿನಲ್ಲೇ, 1981ರಲ್ಲಿ. ಕಡಲಿಲ್ಲದ ಊರಿಗೆ ಬಂದರು!)

ಎಲ್ಲರೂ ಎಡವುವುದು ಲೆಕ್ಕದಲ್ಲಿ. ವಿಶ್ವೇಶ್ವರಪುರದ ಬೇಕರಿಯವರೊಬ್ಬರು ಹಿಟ್ಟು ನಾದುವ ಮೆಷಿನ್ ತರಿಸುತ್ತಾರೆ ಎನ್ನಿ. ಬೆಲೆ ₹3,60,000. ಸುಂಕ ಇಷ್ಟರ ಮೇಲಲ್ಲ. ಹಡಗು ಬಾಡಿಗೆ, ವಿಮೆ ಸೇರಿದ ಮೊತ್ತದ ಮೇಲೆ. ಬಾಡಿಗೆ ₹35,950. ವಿಮೆಗೆ ರಸೀದಿ ಇಲ್ಲ. ಆಗ ನಿಯಮದಂತೆ ಬೆಲೆಯ ಶೇ. 1.125, ಅಂದರೆ ₹4,050. ಒಟ್ಟು ₹4,00,000. ಮೂಲ ಸುಂಕ ಶೇ. 7.5 ಎಂದು ಹಿಡಿದರೆ ₹30,000. ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್‌ಚಾರ್ಜ್, ₹3,000. ಈಗ ₹4,33,000 ಆಯಿತಲ್ಲ, ಆಮದಿನ ಮೇಲಿನ ಜಿಎಸ್‌ಟಿಯಾದ ಐಜಿಎಸ್‌ಟಿ ಶೇ. 18 ಬೀಳುವುದು ಇದರ ಮೇಲೆ: ₹77,940. ಕಟ್ಟಬೇಕಾದದ್ದು ₹1,10,940. ಏಳೂವರೆಗೆ ಹದಿನೆಂಟು ಕೂಡಿಸಿ ಇಪ್ಪತ್ತೈದೂವರೆ ಎಂದುಕೊಂಡವರಿಗೆ ಸುಮಾರು ₹9,000 ಕಡಿಮೆ ಬೀಳುತ್ತದೆ.

ಇದನ್ನು ಕಂಡು ‘ಬೇಡಪ್ಪಾ ಸಹವಾಸ’ ಎನ್ನುವವರಿದ್ದಾರೆ. ತಾಳಿ. ಕೇಕು, ಬಿಸ್ಕತ್ತು ಮಾರಿ ಜಿಎಸ್‌ಟಿ ಕಟ್ಟುವ ಬೇಕರಿಗೆ ಐಜಿಎಸ್‌ಟಿಯ ₹77,940 ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ಮುಂದೆ ಕಟ್ಟುವ ತೆರಿಗೆಯಲ್ಲಿ ವಜಾ ಆಗಿ, ಮರಳುತ್ತದೆ. (ಬ್ರೆಡ್ಡಿಗೆ ತೆರಿಗೆಯಿಲ್ಲ, ಆ ವಹಿವಾಟಿನ ಪಾಲಿನ ಕ್ರೆಡಿಟ್ ಬಿಡಬೇಕು.) ನಿಜವಾಗಿ ಕೈಬಿಟ್ಟು ಹೋಗುವುದು ಬಹುಪಾಲು ಆ ₹33,000 ಮಾತ್ರ. ಅದೇ ಮೆಷಿನ್ನನ್ನು ಅಲ್ಲೇ ತಿಂಡಿ ಬೀದಿಯ ಹೋಟೆಲಿನವರು ತರಿಸಿದರೆ? ಶೇ. 5 ತೆರಿಗೆಯ ಹೋಟೆಲಿಗೆ 2017ರ ನವೆಂಬರಿನಿಂದ ಇನ್‌ಪುಟ್ ಕ್ರೆಡಿಟ್ ಇಲ್ಲ. ವಹಿವಾಟಿನ ಮೇಲೆ ಸರಳ ದರದಲ್ಲಿ ತೆರಿಗೆ ಕಟ್ಟುವ ಕಾಂಪೋಸಿಷನ್ ಯೋಜನೆಯ ಅಂಗಡಿಗೂ ಇಲ್ಲ. ಅವರಿಗೆ ಇಡೀ ₹1,10,940 ಖರ್ಚೇ. ಅಕ್ಕಪಕ್ಕದ ಎರಡು ಅಂಗಡಿ, ಒಂದೇ ಮೆಷಿನ್, ಎರಡು ಬೆಲೆ! ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾದ ಸಂಗತಿ ಇದೇ. ಆರ್ಡರ್ ಕೊಡುವ ಮುಂಚೆ ಯಾರೂ ಕೇಳದ ಪ್ರಶ್ನೆಯೂ ಇದೇ: ನಮಗೆ ಕ್ರೆಡಿಟ್ ಸಿಗುತ್ತದೆಯೇ?

ಕ್ರೆಡಿಟ್ ಬರಬೇಕಾದರೆ ಬಿಲ್ ಆಫ್ ಎಂಟ್ರಿಯಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ತಪ್ಪಿಲ್ಲದಿರಬೇಕು. ಬ್ರೋಕರ್ ಕಳಿಸುವ ಚೆಕ್‌ಲಿಸ್ಟನ್ನು ಫೋನಿನಲ್ಲೇ ‘ಓಕೆ’ ಅಂದುಬಿಡಬೇಡಿ. ಹದಿನೈದು ಅಕ್ಷರವನ್ನೂ ಬೆರಳಿಟ್ಟು ಓದಿ. ಬೆಲೆಯನ್ನು ರೂಪಾಯಿಗೆ ಬದಲಿಸುವ ಡಾಲರಿನ ದರ ಕೂಡ ಬ್ಯಾಂಕಿನದಲ್ಲ, ಬಿಲ್ ಸಲ್ಲಿಸಿದ ದಿನ ಜಾರಿಯಲ್ಲಿರುವ ಕಸ್ಟಮ್ಸ್ ದರ.

ಇನ್ನು ಆ ಏಳೂವರೆ ಬಂದದ್ದೆಲ್ಲಿಂದ? 1975ರ ಕಸ್ಟಮ್ಸ್ ಸುಂಕ ಕಾಯ್ದೆಯ ಪಟ್ಟಿಯಿಂದ. ದಯವಿಟ್ಟು ಅದನ್ನೊಮ್ಮೆ ತೆರೆದು ನೋಡಿ. ಆಹಾರ ತಯಾರಿಕೆಯ ಕೈಗಾರಿಕಾ ಯಂತ್ರಗಳು 8438 ಎಂಬ ಸಾಲಿನಲ್ಲಿವೆ. ಮನೆಬಳಕೆಯ ಗ್ರೈಂಡರ್, ಮಿಕ್ಸರ್ 8509ರಲ್ಲಿ, ಸುಂಕವೂ ಬೇರೆ. ಭಾರವಾಗಿದ್ದರೆ ಕೈಗಾರಿಕೆಯದು ಎಂಬುದು ಸಾಮಾನ್ಯ ಊಹೆ. ಅಧ್ಯಾಯ 85ರ ಟಿಪ್ಪಣಿ ಓದಿದರೆ ಗೊತ್ತಾಗುತ್ತದೆ: ಬೇರೆ ಮನೆಬಳಕೆ ಯಂತ್ರಗಳಿಗೆ 20 ಕಿಲೋ ಮಿತಿಯುಂಟು, ಗ್ರೈಂಡರ್–ಮಿಕ್ಸರಿಗೆ ತೂಕದ ಹಂಗೇ ಇಲ್ಲ. ನೀವು ತರಿಸುವ ಮೆಷಿನ್ ಯಾವ ಸಾಲಿನದು ಎಂದು ಬ್ರೋಕರಿಗೆ ಕೇಳುವ ಮೊದಲು ಆ ಎರಡು ಪುಟ ಓದಿಕೊಂಡು ಹೋಗಿ.